ನೆಲೆವೀಡುಗಳ ರಾಜ್ಯ: ಒಟ್ಟೋನಿಯನ್ ದೊರೆಗಳ ಆಳ್ವಿಕೆ, 919–1024



1002ರ ಜನವರಿ ತಿಂಗಳ ಕೊನೆಯಲ್ಲಿ, ರೋಮ್ ನಗರದ ಉತ್ತರಕ್ಕಿರುವ ಪಟೆರ್ನೊ ಕೋಟೆಯಲ್ಲಿ ಮೂರನೆಯ ಒಟ್ಟೊ ಚಕ್ರವರ್ತಿ ತೀರಿಕೊಂಡ. ವಯಸ್ಸು ಇಪ್ಪತ್ತೊಂದು. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಜೊತೆಗಿದ್ದವರು ಸಾವಿನ ಸುದ್ದಿಯನ್ನು ಆದಷ್ಟು ದಿನ ಮುಚ್ಚಿಟ್ಟು, ದಾರಿಯುದ್ದಕ್ಕೂ ಹಗೆಗಳೊಡನೆ ಕಾದಾಡುತ್ತ, ಶವವನ್ನು ಆಲ್ಪ್ಸ್ ದಾಟಿಸಿ ತಂದರು. ಬವೇರಿಯಾದ ಪೊಲಿಂಗ್ ಎಂಬಲ್ಲಿ ಮೃತನ ದಾಯಾದಿ ಡ್ಯೂಕ್ ಹೆನ್ರಿ ಅವರನ್ನು ಎದುರುಗೊಂಡ. ಶವಕ್ಕೆ ಮರ್ಯಾದೆ ಸಲ್ಲಿಸಿದ. ಹಾಗೆಯೇ ರಾಜಚಿಹ್ನೆಗಳನ್ನು ವಶಕ್ಕೆ ತೆಗೆದುಕೊಂಡ. ಎಲ್ಲವೂ ಸಿಕ್ಕವು, ಪವಿತ್ರ ಈಟಿಯೊಂದು ಸಿಗಲಿಲ್ಲ. ಕಲೋನಿನ ಆರ್ಚ್‌ಬಿಷಪ್ ಹೆರಿಬರ್ಟ್ ಅದನ್ನು ಗುಟ್ಟಾಗಿ ಮುಂದಕ್ಕೆ ಕಳುಹಿಸಿಬಿಟ್ಟಿದ್ದ. ಹೆನ್ರಿ ಆರ್ಚ್‌ಬಿಷಪ್ಪನನ್ನೇ ತಡೆಹಿಡಿದ; ಈಟಿಯನ್ನು ತರಿಸಿಕೊಡುವ ಮಾತು ಕೊಟ್ಟ ಮೇಲೆಯೇ ಅವನನ್ನು ಬಿಟ್ಟ.

ಜನವರಿಯಲ್ಲಿ ಆ ಯುವಕ ಸತ್ತಂದಿನಿಂದ, ಜೂನ್ 7ರಂದು ಮೈನ್ಸ್ ನಗರದಲ್ಲಿ ಹೆನ್ರಿಗೆ ಪಟ್ಟವಾಗುವವರೆಗೆ, ರಾಜ್ಯ ಎಲ್ಲಿತ್ತು? ರಾಜಧಾನಿಯಲ್ಲಿತ್ತು ಎನ್ನುವಂತಿಲ್ಲ, ರಾಜಧಾನಿಯೇ ಇರಲಿಲ್ಲ. ಸಂಬಳ ಪಡೆಯುವ ಅಧಿಕಾರಿಗಳಿರಲಿಲ್ಲ, ದೇಶಕ್ಕೆಲ್ಲ ಅನ್ವಯವಾಗುವ ಕಂದಾಯವಿರಲಿಲ್ಲ, ಒಂದೆಡೆ ಕೂರುವ ನ್ಯಾಯಪೀಠವಿರಲಿಲ್ಲ. ಇದ್ದದ್ದು ಒಂದು ಶವ, ಕೆಲವು ಚಿಹ್ನೆಗಳು, ಯಾರು ಯಾರಿಗೆ ಏನಾಗಬೇಕೆಂಬ ನೆನಪು. ಇಷ್ಟನ್ನೇ ಇಟ್ಟುಕೊಂಡು ಒಂದು ಮನೆತನ ನೂರೈದು ವರ್ಷ, ಉತ್ತರ ಸಮುದ್ರದ ತೀರದಿಂದ ರೋಮಿನವರೆಗೆ ಆಳಿತು. ಅದು ಹೇಗೆ ಎಂಬುದು ಇಂದಿನ ಉಪನ್ಯಾಸದ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡಬಹುದು: ಅವರ ಅಧಿಕಾರ ಕಚೇರಿಯಲ್ಲಿರಲಿಲ್ಲ, ಹಾಜರಿಯಲ್ಲಿತ್ತು. ದೊರೆ ಖುದ್ದಾಗಿ ಎಲ್ಲಿದ್ದನೋ ಅಲ್ಲಿ ರಾಜ್ಯವಿತ್ತು. ಅವನಿಲ್ಲದೆಡೆ ಅವನ ತಾಯಿ, ಮಡದಿ, ತಮ್ಮ, ಸೋದರಿ, ಅವನು ನೇಮಿಸಿದ ಬಿಷಪ್ ಇದ್ದರೆ ಅಲ್ಲಿಯೂ ಇತ್ತು. ಕನ್ನಡ ಶಾಸನಗಳನ್ನು ಓದಿದವರಿಗೆ ‘ನೆಲೆವೀಡು’ ಎಂಬ ಮಾತು ಗೊತ್ತು: ಅರಸ ಬೀಡುಬಿಟ್ಟು ಆಳುವ ಸ್ಥಳ. ಜರ್ಮನ್ ಇತಿಹಾಸಕಾರರ ‘ಫಾಲ್ಟ್ಸ್’ ಎಂಬ ಪದಕ್ಕೆ ಇದಕ್ಕಿಂತ ಹತ್ತಿರದ ಮಾತು ನಮ್ಮಲ್ಲಿ ಇನ್ನೊಂದಿಲ್ಲ.

ಈ ಮನೆತನ ಸ್ಯಾಕ್ಸನಿಯದು. ಹಾರ್ಟ್ಸ್ ಬೆಟ್ಟಸಾಲಿನ ಸುತ್ತ ಇವರ ಜಮೀನುಗಳಿದ್ದವು. ಮೂಲಪುರುಷ ಲಿಯುಡೊಲ್ಫ್ ಮತ್ತು ಅವನ ಮಡದಿ ಓಡಾ 852ರಲ್ಲಿ ಕಟ್ಟಿದ ಸ್ತ್ರೀಮಠ ಮುಂದೆ ಗಾಂಡರ್ಸ್‌ಹೈಮಿನಲ್ಲಿ ನೆಲೆಗೊಂಡಿತು. ಮನೆತನದ ಹೆಣ್ಣುಮಕ್ಕಳೇ ಅದರ ಅಧ್ಯಕ್ಷೆಯರಾದರು. ಸ್ಯಾಕ್ಸನ್ನರನ್ನು ಷಾರ್ಲ್‌ಮೇನ್ ಮೂವತ್ತು ವರ್ಷಗಳ ಯುದ್ಧದಿಂದ ಬಗ್ಗಿಸಿ ಕ್ರೈಸ್ತರನ್ನಾಗಿ ಮಾಡಿದ್ದ. ಸೋತವರ ಮರಿಮಕ್ಕಳು ಒಂದು ಶತಮಾನ ಕಳೆದ ಮೇಲೆ ಗೆದ್ದವನ ಸಿಂಹಾಸನದ ಮೇಲೆ ಕೂತರು. ಆದರೆ ಆ ಕಾಲದ ಯಾರೊಬ್ಬರೂ ‘ಜರ್ಮನಿ ದೇಶದ ಅರಸ’ ಎಂಬ ಅರ್ಥದಲ್ಲಿ ಯೋಚಿಸುತ್ತಿರಲಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅವರ ಪಾಲಿಗೆ ಇದು ಪೂರ್ವದ ಫ್ರಾಂಕರ ರಾಜ್ಯ. ಅದರೊಳಗೆ ಸ್ಯಾಕ್ಸನಿ, ಫ್ರಾಂಕೋನಿಯಾ, ಸ್ವಾಬಿಯಾ, ಬವೇರಿಯಾ, ತಡವಾಗಿ ಸೇರಿದ ಲೊಥರಿಂಗಿಯಾ ಎಂಬ ಸೀಮೆಗಳು, ಒಂದೊಂದಕ್ಕೂ ತನ್ನ ಕಟ್ಟಳೆ, ತನ್ನ ಡ್ಯೂಕ್, ತನ್ನ ಬಿಗುಮಾನ.

919ರ ಮೇ ತಿಂಗಳಲ್ಲಿ ಫ್ರಿಟ್ಸ್‌ಲಾರ್ ಎಂಬಲ್ಲಿ ಸೇರಿದ ಫ್ರಾಂಕರೂ ಸ್ಯಾಕ್ಸನ್ನರೂ ಈ ಮನೆತನದ ಡ್ಯೂಕ್ ಹೆನ್ರಿಯನ್ನು ಅರಸನೆಂದು ಆರಿಸಿದರು. ಮೈನ್ಸಿನ ಆರ್ಚ್‌ಬಿಷಪ್ ತೈಲಾಭಿಷೇಕ ಮಾಡಲು ಮುಂದೆ ಬಂದಾಗ ಹೆನ್ರಿ ಬೇಡವೆಂದನಂತೆ: ಅರಸನೆಂಬ ಹೆಸರು ತನಗೆ ಸಾಕು, ಅಭಿಷೇಕಕ್ಕೆ ತನಗಿಂತ ಯೋಗ್ಯರಿರಲಿ. ಹೀಗೆಂದು ಬರೆದವನು ಕೊರ್ವೈ ಮಠದ ಸನ್ಯಾಸಿ ವಿಡುಕಿಂಡ್. ಅವನು ಬರೆದದ್ದು ಸುಮಾರು ಐವತ್ತು ವರ್ಷಗಳ ಅನಂತರ. ವಿನಯವೋ ರಾಜತಂತ್ರವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಬಹಳ ನಡೆದಿದೆ. ಹೆನ್ರಿಯ ಮುಂದಿನ ನಡೆಯನ್ನು ನೋಡಿದರೆ ಎರಡನೆಯದಕ್ಕೇ ತೂಕ ಹೆಚ್ಚು. ಅವನು ಡ್ಯೂಕ್‌ಗಳ ತಲೆಯ ಮೇಲೆ ಕೂರಲು ಹೋಗಲಿಲ್ಲ; ಅವರೊಡನೆ ‘ಅಮಿಕಿಟಿಯಾ’ ಎಂಬ ಗೆಳೆತನದ ಒಡಂಬಡಿಕೆಗಳನ್ನು ಮಾಡಿಕೊಂಡ. ಇದು ಬಾಯುಪಚಾರದ ಮಾತಲ್ಲ. ಆಣೆಯಿಟ್ಟು, ಒಟ್ಟಿಗೆ ಉಂಡು, ಒಬ್ಬರ ಹೆಸರನ್ನು ಇನ್ನೊಬ್ಬರು ಮಠಗಳ ಸ್ಮರಣಪುಸ್ತಕಗಳಲ್ಲಿ ಬರೆಸಿ ಕಟ್ಟಿಕೊಂಡ ನಂಟು ಅದು. ಪಶ್ಚಿಮ ಫ್ರಾಂಕರ ದೊರೆ ಚಾರ್ಲ್ಸನೊಡನೆ 921ರ ನವೆಂಬರಿನಲ್ಲಿ ಇಂಥದೇ ಒಪ್ಪಂದವಾದದ್ದು ಬಾನ್ ಬಳಿ, ರೈನ್ ನದಿಯ ನಡುವೆ ಲಂಗರು ಹಾಕಿದ ದೋಣಿಯಲ್ಲಿ. ಒಬ್ಬರು ಇನ್ನೊಬ್ಬರ ನೆಲದ ಮೇಲೆ ಕಾಲಿಟ್ಟರೆ ಯಾರು ಯಾರನ್ನು ಅರಸಿಕೊಂಡು ಬಂದರು ಎಂಬ ಪ್ರಶ್ನೆ ಏಳುತ್ತದೆ. ನೀರಿನ ಮೇಲೆ ಇಬ್ಬರೂ ಸಮ.

ಅರಸನಾದ ಹತ್ತು ವರ್ಷಗಳ ಬಳಿಕ ಹೆನ್ರಿ ಕೈಗೊಂಡ ನಿರ್ಧಾರ ಇದಕ್ಕಿಂತ ದೊಡ್ಡದು. ಫ್ರಾಂಕರ ಪದ್ಧತಿಯಲ್ಲಿ ರಾಜ್ಯವೆಂದರೆ ಪಿತ್ರಾರ್ಜಿತ, ಗಂಡುಮಕ್ಕಳಿಗೆಲ್ಲ ಪಾಲು. 929ರಲ್ಲಿ ಹೆನ್ರಿ ಮಡದಿ ಮಟಿಲ್ಡಾಳಿಗೆ ಕ್ವೆಡ್ಲಿನ್‌ಬರ್ಗ್ ಮೊದಲಾದ ಊರುಗಳನ್ನು ವಿಧವೆಯ ಆಸ್ತಿಯಾಗಿ ಬರೆದುಕೊಟ್ಟು ಮನೆಯ ಲೆಕ್ಕಾಚಾರ ತೀರಿಸಿದ. ಅದೇ ಸುಮಾರಿಗೆ ಮಗ ಒಟ್ಟೊನೊಬ್ಬನೇ ಅರಸನಾಗತಕ್ಕದ್ದು ಎಂದು ಗೊತ್ತುಮಾಡಿದ. ರಾಜ್ಯ ಇನ್ನು ಒಡೆಯುವಂತಿಲ್ಲ. ಉಳಿದ ಗಂಡುಮಕ್ಕಳಿಗೆ ಏನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು, ಮತ್ತು ಅದು ಮುಂದೆ ರಕ್ತ ಹರಿಸಿತು.

936ರ ಆಗಸ್ಟ್ 7ರಂದು ಆಖೆನ್ ನಗರದಲ್ಲಿ ನಡೆದ ಒಟ್ಟೊನ ಪಟ್ಟಾಭಿಷೇಕದ ವಿಡುಕಿಂಡನ ವರ್ಣನೆ ಯೂರೋಪಿನ ರಾಜಕೀಯ ಬರವಣಿಗೆಯಲ್ಲೇ ಹೆಸರಾದದ್ದು. ಸ್ಯಾಕ್ಸನ್ ಅರಸ ಅಂದು ಫ್ರಾಂಕರ ಉಡುಪು ತೊಟ್ಟ. ತಂದೆ ಬೇಡವೆಂದ ತೈಲವನ್ನು ಮಗ ಒಪ್ಪಿಕೊಂಡ. ಷಾರ್ಲ್‌ಮೇನನ ಕಲ್ಲಿನ ಪೀಠವನ್ನೇರಿದ. ಆಮೇಲೆ ಊಟ. ಲೊಥರಿಂಗಿಯಾದ ಗೀಸಲ್‌ಬರ್ಟ್ ಏರ್ಪಾಡುಗಳನ್ನು ನೋಡಿಕೊಂಡ, ಫ್ರಾಂಕೋನಿಯಾದ ಎಬರ್‌ಹಾರ್ಡ್ ಬಡಿಸುವ ಮೇಲ್ವಿಚಾರಣೆ ವಹಿಸಿದ, ಸ್ವಾಬಿಯಾದ ಹರ್ಮನ್ ಪಾನದ ಉಸ್ತುವಾರಿ ಹೊತ್ತ, ಬವೇರಿಯಾದ ಆರ್ನುಲ್ಫ್ ಕುದುರೆಗಳನ್ನೂ ಬಿಡಾರಗಳನ್ನೂ ವಿಚಾರಿಸಿದ. ನಾಲ್ವರು ಡ್ಯೂಕ್‌ಗಳು ಒಬ್ಬ ಅರಸನಿಗೆ ಊಳಿಗ ಮಾಡುವ ಚಿತ್ರ. ಗೆಳೆತನದ ರಾಜಕಾರಣ ಮುಗಿದು ಒಡೆತನದ ರಾಜಕಾರಣ ಶುರುವಾಯಿತೆಂಬುದನ್ನು ಯಾರೂ ಆಜ್ಞೆ ಹೊರಡಿಸಿ ಸಾರಲಿಲ್ಲ. ಪಂಕ್ತಿಯಲ್ಲಿ ಯಾರು ಕೂತರು, ಯಾರು ಬಡಿಸಿದರು ಎಂಬುದೇ ಸಾರಿತು. ಬಡಿಸಿದ ನಾಲ್ವರಲ್ಲಿ ಇಬ್ಬರು, ಎಬರ್‌ಹಾರ್ಡ್ ಮತ್ತು ಗೀಸಲ್‌ಬರ್ಟ್, ಮೂರು ವರ್ಷಗಳೊಳಗೆ ದಂಗೆಯೆದ್ದು 939ರಲ್ಲಿ ಆಂಡರ್ನಾಖ್ ಬಳಿ ಸತ್ತರು: ಒಬ್ಬ ಕತ್ತಿಗೆ, ಇನ್ನೊಬ್ಬ ರೈನ್ ನದಿಯ ನೀರಿಗೆ.

ಅವರ ಜೊತೆಗಿದ್ದವನು ಒಟ್ಟೊನ ಸ್ವಂತ ತಮ್ಮ ಹೆನ್ರಿ. ಪಾಲು ಸಿಗದ ದಾಯಾದಿಯ ಸಿಟ್ಟು ಅವನದು. ಮಲಅಣ್ಣ ಥಾಂಕ್‌ಮಾರ್ 938ರಲ್ಲಿ ಎರೆಸ್‌ಬರ್ಗ್ ಕೋಟೆಯ ಚರ್ಚಿನೊಳಗೇ ಹತನಾಗಿದ್ದ. ತಮ್ಮ ಮಾತ್ರ ಮತ್ತೆ ಮತ್ತೆ ಸೋತು ಮತ್ತೆ ಮತ್ತೆ ಎದ್ದ. 941ರ ಈಸ್ಟರ್ ಹಬ್ಬದಲ್ಲಿ ಕ್ವೆಡ್ಲಿನ್‌ಬರ್ಗಿನಲ್ಲಿ ಅಣ್ಣನನ್ನು ಕೊಲ್ಲುವ ಸಂಚು ಹೂಡಿದ, ಅದು ಬಯಲಾಯಿತು. ಅದೇ ವರ್ಷದ ಕ್ರಿಸ್‌ಮಸ್‌ನಲ್ಲಿ, ಫ್ರಾಂಕ್‌ಫರ್ಟಿನ ಚರ್ಚಿನಲ್ಲಿ ಪೂಜೆಗೆ ಬಂದ ಅರಸನ ಮುಂದೆ ಬರಿಗಾಲಲ್ಲಿ ನೆಲಕ್ಕೆ ಅಡ್ಡಬಿದ್ದ. ಒಟ್ಟೊ ಕ್ಷಮಿಸಿದ, ಕೆಲವೇ ವರ್ಷಗಳಲ್ಲಿ ಅವನನ್ನು ಬವೇರಿಯಾದ ಡ್ಯೂಕ್ ಮಾಡಿದ. ಆಮೇಲೆ ಈ ತಮ್ಮ ಸಾಯುವವರೆಗೆ ನಿಷ್ಠನಾಗಿದ್ದ.

ಇದನ್ನು ಅಣ್ಣತಮ್ಮಂದಿರ ಕರುಳಿನ ಕಥೆಯೆಂದು ಓದುವುದುಂಟು. ಕಳೆದ ಶತಮಾನದ ಕೊನೆಯ ದಶಕಗಳ ಜರ್ಮನ್ ಸಂಶೋಧನೆ ಬೇರೊಂದು ಬಗೆಯಲ್ಲಿ ಓದುವುದನ್ನು ಕಲಿಸಿತು. ಅಡ್ಡಬೀಳುವುದು, ಅಳುವುದು, ಎತ್ತಿ ಅಪ್ಪಿಕೊಳ್ಳುವುದು, ಒಟ್ಟಿಗೆ ಉಣ್ಣುವುದು: ಇವೆಲ್ಲ ಬರೆಯದ ಕಟ್ಟಳೆಗಳು. ಮಧ್ಯಸ್ಥರು ಮೊದಲೇ ಮಾತಾಡಿ, ಶರತ್ತುಗಳನ್ನು ಗೊತ್ತುಮಾಡಿ, ಆಮೇಲೆ ಎಲ್ಲರ ಕಣ್ಣೆದುರು ಅದನ್ನು ನಡೆಸಿಕೊಡುತ್ತಿದ್ದರು. ಪೊಲೀಸಾಗಲಿ ಸೆರೆಮನೆಗಳ ವ್ಯವಸ್ಥೆಯಾಗಲಿ ಇಲ್ಲದ ಸಮಾಜದಲ್ಲಿ ಸೋತವನಿಗೆ ಮರ್ಯಾದೆಯಿಂದ ಮರಳುವ ದಾರಿ ಬೇಕು, ಗೆದ್ದವನಿಗೆ ಬಲ ಕಳೆದುಕೊಳ್ಳದೆ ಕ್ಷಮಿಸುವ ದಾರಿ ಬೇಕು. ಈ ವಾದವನ್ನು ಕೆಲವರು ಅತಿಗೆ ಒಯ್ದಿದ್ದಾರೆ. ಪ್ರತಿ ಕಣ್ಣೀರನ್ನೂ ಪೂರ್ವಯೋಜಿತವೆಂದು ಕಾಣುವುದು ಸರಿಯಲ್ಲ. ಆದರೂ ಮೂಲ ಕಾಣ್ಕೆ ಗಟ್ಟಿಯಾದದ್ದು. ಈ ರಾಜ್ಯದಲ್ಲಿ ಕಾನೂನು ಬಹುಪಾಲು ಕಣ್ಣಿಗೆ ಕಾಣುವ ನಡೆಯಲ್ಲಿತ್ತು.

ಬರಹದಲ್ಲಿ ಎಷ್ಟಿತ್ತು? ಷಾರ್ಲ್‌ಮೇನನ ಕಾಲದಲ್ಲಿ ಹೊರಟ ಕಟ್ಟಳೆಗಳ ಸಾಲು ಇವರ ಕಾಲಕ್ಕೆ ಹೆಚ್ಚುಕಡಿಮೆ ನಿಂತುಹೋಗಿತ್ತು. 938ರಲ್ಲಿ ಸ್ಟೇಲೆ ಎಂಬಲ್ಲಿ ಸೇರಿದ ಸಭೆಗೆ ಒಂದು ಪ್ರಶ್ನೆ ಬಂತು: ತಂದೆ ಮೊದಲೇ ಸತ್ತಿದ್ದರೆ, ಅಜ್ಜನ ಆಸ್ತಿಯಲ್ಲಿ ಮೊಮ್ಮಕ್ಕಳಿಗೆ ಚಿಕ್ಕಪ್ಪಂದಿರ ಜೊತೆ ಪಾಲುಂಟೆ? ಪಂಚರಿಗೆ ಒಪ್ಪಿಸೋಣವೆಂಬ ಸಲಹೆ ಬಂದರೂ ಒಟ್ಟೊ ಒಪ್ಪಲಿಲ್ಲ. ಎರಡೂ ಪಕ್ಷದ ಕಡೆಯಿಂದ ಹೋರಾಳುಗಳನ್ನು ಕಣಕ್ಕಿಳಿಸಿದ. ಮೊಮ್ಮಕ್ಕಳ ಪರ ಕಾದಿದವನು ಗೆದ್ದ. ಅಂದಿನಿಂದ ಮೊಮ್ಮಕ್ಕಳಿಗೂ ಪಾಲು ಎಂದಾಯಿತು. ಗೆಲುವನ್ನು ದೇವರ ತೀರ್ಪೆಂದು ನಂಬಿದವರಿಗೆ, ಪಂಚರ ಬುದ್ಧಿಗಿಂತ ಇದು ಹೆಚ್ಚು ಭದ್ರವಾದ ನ್ಯಾಯವಾಗಿ ಕಂಡಿತು.

ಬರಹ ಉಳಿದದ್ದು ಮುಖ್ಯವಾಗಿ ದಾನಪತ್ರಗಳಲ್ಲಿ. ಒಂದನೆಯ ಒಟ್ಟೊನ ಹೆಸರಿನಲ್ಲೇ 400ಕ್ಕೂ ಹೆಚ್ಚು ಉಳಿದಿವೆ. ಯಾವ ಊರಿನಲ್ಲಿ, ಯಾವ ದಿನ ಕೊಟ್ಟದ್ದೆಂಬುದು ಅವುಗಳ ಕೊನೆಯಲ್ಲಿರುತ್ತದೆ. ಇವುಗಳನ್ನು ಒಂದರ ಮುಂದೊಂದು ಜೋಡಿಸಿ ಇತಿಹಾಸಕಾರರು ದೊರೆಯ ದಾರಿಯನ್ನು ನಕ್ಷೆಯ ಮೇಲೆ ಗುರುತಿಸಿದ್ದಾರೆ. ದಿನಕ್ಕೆ 20–30 ಕಿಲೋಮೀಟರ್ ವೇಗದಲ್ಲಿ, ನೂರಾರು ಜನರೊಡನೆ, ಬಂಡಿಗಳು, ಕುದುರೆಗಳು, ಪೂಜಾಸಾಮಗ್ರಿ, ಸಂತರ ಅವಶೇಷಗಳೊಡನೆ ರಾಜ್ಯ ಚಲಿಸುತ್ತಿತ್ತು. ಅರಸನ ಸ್ವಂತ ಜಮೀನುಗಳ ನಡುವೆ ನೆಲೆವೀಡುಗಳಿದ್ದವು: ವೆರ್ಲಾ, ಪೊಯ್ಲ್ಡೆ, ಗ್ರೋನಾ, ಮೆಮ್‌ಲೆಬೆನ್, ಆಲ್‌ಸ್ಟೆಟ್, ಟಿಲೆಡಾ, ರೈನ್ ಕಡೆಗೆ ಇಂಗೆಲ್‌ಹೈಮ್, ಫ್ರಾಂಕ್‌ಫರ್ಟ್, ಆಖೆನ್, ನೈಮೇಗನ್. ಒಂದು ಸಭಾಂಗಣ, ಒಂದು ಪ್ರಾರ್ಥನಾಲಯ, ಕಣಜ, ಲಾಯ, ಸುತ್ತಲಿನ ರೈತರು: ಇಷ್ಟಿದ್ದರೆ ನೆಲೆವೀಡು. ಕಣಜ ಬರಿದಾಗುವ ಮುನ್ನ ಮುಂದಿನ ಊರು. ಒಟ್ಟೊನ ಅರಮನೆಗೆ ದಿನಕ್ಕೆ ಸಾವಿರ ಹಂದಿ, ಕುರಿಗಳು ಬೇಕಾಗುತ್ತಿದ್ದವೆಂದು ಹನ್ನೆರಡನೆಯ ಶತಮಾನದ ಒಬ್ಬ ಚರಿತ್ರಕಾರ ಬರೆದಿದ್ದಾನೆ. ಅಂಕಿ ಉತ್ಪ್ರೇಕ್ಷೆಯದೇ, ಆದರೆ ಅರಸ ಬಂದು ತಂಗಿದರೆ ಊರಿಗಾಗುತ್ತಿದ್ದ ಭಾರದ ನೆನಪು ಅದರಲ್ಲಿದೆ. ಮೊದಮೊದಲು ಈ ಸಂಚಾರ ಎಲ್ಲೆಡೆಗೂ ಸಮನಾಗಿ ಹಬ್ಬಿರಲಿಲ್ಲ. ಪೂರ್ವ ಸ್ಯಾಕ್ಸನಿ, ರೈನ್–ಮೈನ್ ನದಿಗಳ ಸಂಗಮದ ಸುತ್ತು, ಆಖೆನ್ ಕಡೆಯ ರೈನ್ ತಗ್ಗು, ಇವು ಮೂರರಲ್ಲಿ ದೊರೆ ನೆಲೆಸುತ್ತಿದ್ದ. ಬವೇರಿಯಾ, ಸ್ವಾಬಿಯಾಗಳನ್ನು ಇಟಲಿಗೆ ಹೋಗಿಬರುವಾಗ ಹಾಯುತ್ತಿದ್ದ. ಈ ಸೀಮೆಗಳಲ್ಲಿ ಹಬ್ಬ ಆಚರಿಸಿ, ಬಿಷಪ್‌ಗಳ ನಗರಗಳಲ್ಲಿ ತಂಗಿ, ರಾಜ್ಯದ ಉದ್ದಗಲಕ್ಕೂ ಖುದ್ದಾಗಿ ಆಳಿದವನು ವಂಶದ ಕೊನೆಯ ಅರಸ, 1002ರಲ್ಲಿ ಪಟ್ಟವೇರಿದ ಎರಡನೆಯ ಹೆನ್ರಿ.

ಹಾಜರಿಯೇ ಅಧಿಕಾರವಾದ ಕಡೆ ಗೈರುಹಾಜರಿ ಅಪಾಯ. ಒಂದನೆಯ ಒಟ್ಟೊ 962ರ ಫೆಬ್ರವರಿ 2ರಂದು ರೋಮಿನಲ್ಲಿ ಚಕ್ರವರ್ತಿಯಾದ ಮೇಲೆ ಬಾಳಿನ ಕೊನೆಯ ವರ್ಷಗಳ ಹೆಚ್ಚು ಭಾಗವನ್ನು ಇಟಲಿಯಲ್ಲೇ ಕಳೆದ. ಸ್ಯಾಕ್ಸನಿಯಲ್ಲಿ ಅವನ ಪರವಾಗಿ ಹರ್ಮನ್ ಬಿಲುಂಗ್ ಇದ್ದ. 972ರಲ್ಲಿ ಹರ್ಮನ್ ಮಾಗ್ಡೆಬರ್ಗಿಗೆ ಬಂದಾಗ ಆರ್ಚ್‌ಬಿಷಪ್ ಆಡಲ್ಬರ್ಟ್ ಅವನನ್ನು ಗಂಟೆ ಬಾರಿಸಿ, ದೀಪಗುಚ್ಛ ಬೆಳಗಿಸಿ, ಕೈಹಿಡಿದು ಒಳಗೆ ಕರೆತಂದ. ಹರ್ಮನ್ ಚಕ್ರವರ್ತಿಯ ಜಾಗದಲ್ಲಿ ಕೂತು ಉಂಡ, ಚಕ್ರವರ್ತಿಯ ಮಂಚದಲ್ಲಿ ಮಲಗಿದ. ಸುದ್ದಿ ಇಟಲಿಗೆ ಮುಟ್ಟಿತು. ಎಷ್ಟು ಗಂಟೆ ಬಾರಿಸಿದೆಯೋ, ಎಷ್ಟು ದೀಪಗುಚ್ಛ ಬೆಳಗಿಸಿದೆಯೋ ಅಷ್ಟು ಕುದುರೆಗಳನ್ನು ದಂಡವಾಗಿ ಕಳುಹಿಸೆಂದು ಒಟ್ಟೊ ಆರ್ಚ್‌ಬಿಷಪ್ಪನಿಗೆ ಹೇಳಿಕಳುಹಿಸಿದ. ಇದನ್ನು ದಾಖಲಿಸಿದವನು ಮರ್ಸೆಬರ್ಗಿನ ಬಿಷಪ್ ಥೀಟ್ಮಾರ್. ಪಂಕ್ತಿ ಮತ್ತು ಮಂಚ, ಇವೆರಡರಲ್ಲಿ ಏನು ಅಡಗಿತ್ತೆಂದು ಎಲ್ಲರಿಗೂ ತಿಳಿದಿತ್ತು. ಅನುಪಸ್ಥಿತ ಅರಸನಿಗೆ ಸ್ಯಾಕ್ಸನ್ನರು ನೆನಪು ಮಾಡಿಕೊಟ್ಟದ್ದು ಇದನ್ನೇ: ಬಾರದಿದ್ದರೆ ನಿನ್ನ ಜಾಗದಲ್ಲಿ ಬೇರೆಯವರು ಕೂರುತ್ತಾರೆ. ಒಟ್ಟೊ ಮರಳಿದ. 973ರ ಈಸ್ಟರ್ ಹಬ್ಬವನ್ನು ಕ್ವೆಡ್ಲಿನ್‌ಬರ್ಗಿನಲ್ಲಿ ಆಚರಿಸಿದಾಗ ಗ್ರೀಕರು, ಹಂಗೇರಿಯನ್ನರು, ಬಲ್ಗೇರಿಯನ್ನರು, ಡೇನರು, ಸ್ಲಾವರು ಕಾಣಿಕೆಗಳೊಡನೆ ಬಂದಿದ್ದರು. ಮೇ 7ರಂದು, ತಂದೆ ಸತ್ತ ಮೆಮ್‌ಲೆಬೆನ್ನಿನಲ್ಲೇ ಅವನೂ ಸತ್ತ.

ಸಭಿಕರೇ, ಅರಸ ಒಂದು ಕಾಲಕ್ಕೆ ಒಂದೇ ಕಡೆ ಇರಬಲ್ಲ. ಉಳಿದೆಡೆ ಅವನನ್ನು ತುಂಬಿದವರು ಎರಡು ಗುಂಪಿನವರು. ಮೊದಲನೆಯದು ಬಿಷಪ್‌ಗಳು. ದೊರೆಯ ಪ್ರಾರ್ಥನಾಲಯದಲ್ಲಿ ಪಳಗಿದ ಪಾದ್ರಿಗಳು ಹಲವು ಪೀಠಗಳಿಗೆ ಏರಿದರು. ಪೀಠಗಳಿಗೆ ಸಂತೆ, ಸುಂಕ, ಟಂಕಸಾಲೆಯ ಹಕ್ಕುಗಳು ಸಿಕ್ಕವು. ಪ್ರತಿಯಾಗಿ ಅವು ಅರಸನಿಗೆ ಬಿಡಾರ, ಊಟ, ಸೈನಿಕರನ್ನು ಕೊಟ್ಟವು. 981ರ ಸುಮಾರಿಗೆ ಎರಡನೆಯ ಒಟ್ಟೊನ ಇಟಲಿಯ ದಂಡಿಗೆ ಹೆಚ್ಚುವರಿಯಾಗಿ ಕರೆಸಿದ ಕವಚಧಾರಿ ಸವಾರರ ಪಟ್ಟಿಯೊಂದು ಉಳಿದಿದೆ. ಸುಮಾರು 2,100 ಸವಾರರಲ್ಲಿ ಬಹುಪಾಲು ಬರಬೇಕಾದದ್ದು ಬಿಷಪ್‌ಗಳಿಂದ ಮತ್ತು ಮಠಗಳಿಂದ. ಬಿಷಪ್ಪನಿಗೆ ಮಕ್ಕಳಿಲ್ಲ, ಅವನ ಪದವಿ ವಂಶಕ್ಕೆ ಹೋಗುವುದಿಲ್ಲ, ಆದ್ದರಿಂದ ಅರಸರು ಡ್ಯೂಕ್‌ಗಳ ವಿರುದ್ಧ ಒಂದು ‘ವ್ಯವಸ್ಥೆ’ಯನ್ನೇ ಕಟ್ಟಿದರು ಎಂದು ಪಠ್ಯಪುಸ್ತಕಗಳು ಬಹುಕಾಲ ಬರೆದವು. ಅದು ಅಷ್ಟು ಅಚ್ಚುಕಟ್ಟಾದ ಯೋಜನೆಯಾಗಿರಲಿಲ್ಲ, ಬಿಷಪ್‌ಗಳೂ ಪ್ರಬಲ ಕುಟುಂಬಗಳ ಮಕ್ಕಳೇ, ದಂಗೆಗಳಲ್ಲಿ ಅವರೂ ಸೇರುತ್ತಿದ್ದರು ಎಂದು ಅನಂತರದ ಸಂಶೋಧಕರು ತಿದ್ದಿದ್ದಾರೆ. ತಿದ್ದುಪಡಿ ಸರಿಯಾದದ್ದು. ಒಟ್ಟೊನ ಕಿರಿಯ ತಮ್ಮ ಬ್ರೂನ್ 953ರಲ್ಲಿ ಕಲೋನಿನ ಆರ್ಚ್‌ಬಿಷಪ್ಪನಾಗಿ ಲೊಥರಿಂಗಿಯಾ ಸೀಮೆಯನ್ನೂ ಆಳಿದ್ದು ಚರ್ಚಿನ ಬಲದಿಂದಷ್ಟೇ ಅಲ್ಲ, ತಮ್ಮನೆಂಬ ಬಲದಿಂದಲೂ.

ಇನ್ನೊಂದು ಗುಂಪು ಮನೆತನದ ಹೆಣ್ಣುಮಕ್ಕಳು. ಇತಿಹಾಸಕಾರರು ಇವರನ್ನು ಬಹಳ ಕಾಲ ಅಡಿಟಿಪ್ಪಣಿಗಳಲ್ಲಿ ಇಟ್ಟಿದ್ದರು. ಅದು ಅನ್ಯಾಯ ಮಾತ್ರವಲ್ಲ, ತಪ್ಪು ತಿಳಿವಳಿಕೆ ಕೂಡ. ಇವರಿಲ್ಲದೆ 983ರಲ್ಲೇ ಈ ಕಥೆ ಮುಗಿಯುತ್ತಿತ್ತು.

ಆ ವರ್ಷವನ್ನು ನೋಡಿ. ಹಿಂದಿನ ಬೇಸಿಗೆಯಲ್ಲಿ ಎರಡನೆಯ ಒಟ್ಟೊ ಇಟಲಿಯ ದಕ್ಷಿಣ ತುದಿಯಲ್ಲಿ ಸಿಸಿಲಿಯ ಅಮೀರ ಅಬುಲ್ ಕಾಸಿಮನ ಸೈನ್ಯದ ಕೈಯಲ್ಲಿ ನುಚ್ಚುನೂರಾಗಿದ್ದ. ಅಮೀರ ಕಾಳಗದಲ್ಲೇ ಸತ್ತ. ಚಕ್ರವರ್ತಿ ಸಮುದ್ರಕ್ಕೆ ಕುದುರೆ ಇಳಿಸಿ, ಗ್ರೀಕ್ ಹಡಗೊಂದನ್ನು ಹತ್ತಿ ಪಾರಾದ. 983ರ ಬೇಸಿಗೆಯಲ್ಲಿ ಎಲ್ಬೆ ನದಿಯಾಚೆಯ ಸ್ಲಾವರು ಎದ್ದು ಹಾವೆಲ್‌ಬರ್ಗ್, ಬ್ರಾಂಡೆನ್‌ಬರ್ಗ್ ಬಿಷಪ್ ಪೀಠಗಳನ್ನು ನೆಲಸಮ ಮಾಡಿದರು. ಡಿಸೆಂಬರ್ 7ರಂದು ಒಟ್ಟೊ ರೋಮಿನಲ್ಲಿ ಇಪ್ಪತ್ತೆಂಟನೆಯ ವಯಸ್ಸಿಗೆ ಸತ್ತ. ಆ ಸುದ್ದಿ ತಲುಪುವ ಮುನ್ನ, ಕ್ರಿಸ್‌ಮಸ್ ದಿನ, ಆಖೆನ್‌ನಲ್ಲಿ ಅವನ ಮೂರು ವರ್ಷದ ಮಗನಿಗೆ ಕಿರೀಟ ತೊಡಿಸಲಾಯಿತು. ಸುದ್ದಿ ಬಂದೊಡನೆ ದಾಯಾದಿ ಹೆನ್ರಿ, ‘ಜಗಳಗಂಟ’ನೆಂದು ಹೆಸರಾದವನು, ರಕ್ಷಕನ ನೆಪದಲ್ಲಿ ಮಗುವನ್ನು ಕೈವಶ ಮಾಡಿಕೊಂಡ. 984ರ ಈಸ್ಟರ್‌ನಲ್ಲಿ ಕ್ವೆಡ್ಲಿನ್‌ಬರ್ಗಿನಲ್ಲಿ ತನ್ನವರಿಂದ ಅರಸನೆಂದು ಕರೆಸಿಕೊಂಡ.

ಇಟಲಿಯಿಂದ ಮೂವರು ಹೆಂಗಸರು ಹೊರಟರು. ಮಗುವಿನ ತಾಯಿ ಥಿಯೋಫಾನು, ಬೈಜಾಂಟಿಯಮ್ಮಿನ ಚಕ್ರವರ್ತಿ ಜಾನ್ ಝಿಮಿಸ್ಕೆಸ್‌ನ ಸಂಬಂಧಿಕರ ಹುಡುಗಿ. 972ರಲ್ಲಿ ಅವಳ ಮದುವೆಗೆ ಬರೆದ ನೇರಳೆ ಬಣ್ಣದ, ಚಿನ್ನದ ಅಕ್ಷರದ ಪತ್ರ ಇಂದಿಗೂ ವೊಲ್ಫೆನ್‌ಬ್ಯುಟಲ್ ದಾಖಲಾಲಯದಲ್ಲಿದೆ. ಅಜ್ಜಿ ಆಡೆಲ್‌ಹೈಡ್, ಬರ್ಗಂಡಿಯ ರಾಜಕುಮಾರಿ, ಇಟಲಿಯ ರಾಣಿ. ಮೊದಲ ಗಂಡ ಸತ್ತಾಗ ಸೆರೆಯಿಂದ ತಪ್ಪಿಸಿಕೊಂಡು 951ರಲ್ಲಿ ಒಂದನೆಯ ಒಟ್ಟೊನನ್ನು ವರಿಸಿದವಳು. ಸೋದರತ್ತೆ ಮಟಿಲ್ಡಾ, ಕ್ವೆಡ್ಲಿನ್‌ಬರ್ಗ್ ಮಠದ ಅಧ್ಯಕ್ಷೆ. ಮೈನ್ಸಿನ ಆರ್ಚ್‌ಬಿಷಪ್ ವಿಲ್ಲಿಗಿಸ್ ಇವರ ಪಕ್ಷದಲ್ಲಿ ನಿಂತ. ಜೂನ್ 29ರಂದು ರಾರಾ ಎಂಬಲ್ಲಿ ಹೆನ್ರಿ ಮಗುವನ್ನು ತಾಯಿಯ ಕೈಗೊಪ್ಪಿಸಿದ. ಮಹಾಯುದ್ಧವಿಲ್ಲದೆ ಪಟ್ಟ ಉಳಿಯಿತು. ಥಿಯೋಫಾನು 991ರಲ್ಲಿ ಸಾಯುವವರೆಗೆ ಆಳಿದಳು. ಇಟಲಿಗೆ ಹೋದಾಗ ಹೊರಡಿಸಿದ ಒಂದು ಪತ್ರದಲ್ಲಿ ಅವಳ ಹೆಸರೂ ಬಿರುದೂ ಪುಲ್ಲಿಂಗದಲ್ಲಿವೆ, ಚಕ್ರವರ್ತಿ ಥಿಯೋಫಾನಿಯಸ್ ಎಂದು. ಅನಂತರ 994ರವರೆಗೆ ಆಡೆಲ್‌ಹೈಡ್. ಮುಂದೆ ಮೂರನೆಯ ಒಟ್ಟೊ ಇಟಲಿಗೆ ಹೋದಾಗ ಸ್ಯಾಕ್ಸನಿಯನ್ನು ವಹಿಸಿಕೊಟ್ಟದ್ದು ಸೋದರತ್ತೆ ಮಟಿಲ್ಡಾಳಿಗೆ. ಅವಳು ಸಭೆ ಕರೆದಳು, ವ್ಯಾಜ್ಯ ತೀರಿಸಿದಳು. ಮುಂಚೆ ವಿಡುಕಿಂಡ್ ತನ್ನ ಸ್ಯಾಕ್ಸನ್ನರ ಚರಿತ್ರೆಯನ್ನು ಅರ್ಪಿಸಿದ್ದೂ ಇವಳಿಗೇ.

ಇದಕ್ಕೆ ಅಡಿಪಾಯ ಸ್ತ್ರೀಮಠಗಳು. ಈ ಕಾಲದ ಸ್ಯಾಕ್ಸನಿಯಲ್ಲಿ ಇಂಥವು ಮೂವತ್ತಕ್ಕೂ ಹೆಚ್ಚಿದ್ದವೆಂದು ಲೆಕ್ಕಹಾಕಿದ್ದಾರೆ. ಗಂಡಸರು ಯುದ್ಧದಲ್ಲಿ ಬೇಗ ಸಾಯುತ್ತಿದ್ದರು, ಹೆಂಗಸರು ಬದುಕಿ ಆಸ್ತಿ ಪಡೆಯುತ್ತಿದ್ದರು. ಆ ಆಸ್ತಿ ಬೇರೆ ಕುಲದ ಪಾಲಾಗದಂತೆ ಮಠ ಕಾಯುತ್ತಿತ್ತು. ಸತ್ತವರ ಹೆಸರು ಹೇಳಿ ಪ್ರಾರ್ಥಿಸುವ ಕೆಲಸವೂ ಅವರದು, ಎಂದರೆ ಮನೆತನದ ನೆನಪು ಇದ್ದದ್ದು ಅವರ ಬಳಿ. ಅಲ್ಲಿ ಓದು ನಡೆಯುತ್ತಿತ್ತು. ಗಾಂಡರ್ಸ್‌ಹೈಮಿನ ಹ್ರೊಟ್ಸ್‌ವಿಟಾ ಲ್ಯಾಟಿನ್ನಿನಲ್ಲಿ ನಾಟಕಗಳನ್ನು ಬರೆದಳು, ಒಟ್ಟೊನ ಚರಿತ್ರೆಯನ್ನು ಕಾವ್ಯವಾಗಿಸಿದಳು. ಆಕೆಯ ಹಸ್ತಪ್ರತಿ ಮಾನವತಾವಾದಿ ಕೊನ್ರಾಡ್ ಸೆಲ್ಟಿಸ್‌ನ ಕಣ್ಣಿಗೆ ಬಿದ್ದು, 1501ರಲ್ಲಿ ಅಚ್ಚಾಯಿತು.

ರಾಜ್ಯದ ಅಂಚಿನಲ್ಲಿ ಈ ಆಳ್ವಿಕೆಯ ಮುಖ ಬೇರೆ. 955ರ ಆಗಸ್ಟ್ 10ರಂದು ಆಗ್ಸ್‌ಬರ್ಗ್ ಬಳಿಯ ಲೆಖ್‌ಫೆಲ್ಡ್ ಬಯಲಲ್ಲಿ ಮಗ್ಯಾರರ, ಎಂದರೆ ಹಂಗೇರಿಯನ್ನರ, ದಾಳಿ ಕೊನೆಗೊಂಡದ್ದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅದೇ ವರ್ಷದ ಅಕ್ಟೋಬರಿನಲ್ಲಿ ರೆಕ್‌ನಿಟ್ಸ್ ನದಿಯ ಬಳಿ ಸ್ಲಾವರನ್ನು ಸೋಲಿಸಿದ ಮೇಲೆ 700 ಸೆರೆಯಾಳುಗಳ ತಲೆ ಕಡಿಸಲಾಯಿತು. ಗಡಿಯ ದಂಡನಾಯಕ ಗೆರೊ ಸುಮಾರು 30 ಸ್ಲಾವ್ ಮುಖಂಡರನ್ನು ಔತಣಕ್ಕೆ ಕರೆದು, ಕುಡಿದು ಮಲಗಿದವರನ್ನು ಒಂದೇ ರಾತ್ರಿ ಕೊಲ್ಲಿಸಿದ. ಎರಡನ್ನೂ ಬರೆದವನು ಅವರದೇ ಪಕ್ಷದ ವಿಡುಕಿಂಡ್. ಆಖೆನ್‌ನಲ್ಲಿ ನಂಟು ಬೆಸೆದ ಪಂಕ್ತಿ ಎಲ್ಬೆಯಾಚೆ ಬಲೆಯಾಯಿತು. ಬರಿಗಾಲಲ್ಲಿ ಬಂದು ಕ್ಷಮೆ ಪಡೆಯುವ ಹಕ್ಕು ಸಮಾನರಿಗಷ್ಟೇ ಇತ್ತು. ಕಪ್ಪ ಕೊಡುವವರಿಗೆ ಇರಲಿಲ್ಲ. 983ರ ದಂಗೆಯ ಬೇರು ಇಲ್ಲಿದೆ.

ರೋಮಿನ ವಿಚಾರದಲ್ಲಿ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸರು ಬಹಳ ಕಿತ್ತಾಡಿದರು. ಈ ಅರಸರು ಇಟಲಿಯ ಬೆನ್ನುಹತ್ತಿ ಜರ್ಮನ್ ರಾಷ್ಟ್ರದ ಶಕ್ತಿಯನ್ನು ಪೋಲುಮಾಡಿದರೆಂದು ಹೈನ್ರಿಖ್ ಫೊನ್ ಸೀಬೆಲ್, ಇಲ್ಲವೆಂದು ಯೂಲಿಯಸ್ ಫಿಕರ್. ಇಬ್ಬರ ಕಣ್ಣೂ ಇದ್ದದ್ದು ಪ್ರಷ್ಯ ಮತ್ತು ಆಸ್ಟ್ರಿಯಗಳ ಮೇಲೆ. ಹತ್ತನೆಯ ಶತಮಾನದವರಿಗೆ ‘ರಾಷ್ಟ್ರ’ದ ಲೆಕ್ಕವೇ ಇರಲಿಲ್ಲ. 1000ದಲ್ಲಿ ಮೂರನೆಯ ಒಟ್ಟೊ ಸ್ನೇಹಿತನಾಗಿದ್ದ ಪ್ರಾಗಿನ ಬಿಷಪ್ ಆಡಲ್ಬರ್ಟನ ಸಮಾಧಿಗಾಗಿ ಪೋಲೆಂಡಿನ ಗ್ನೀಜ್ನೊಗೆ ಯಾತ್ರೆ ಹೋದ, ಅಲ್ಲಿ ಆರ್ಚ್‌ಬಿಷಪ್ ಪೀಠ ಸ್ಥಾಪಿಸಿದ, ಬೋಲೆಸ್ವಾವ್ ದೊರೆಯನ್ನು ಗೆಳೆಯನೆಂದು ಗೌರವಿಸಿದ. ಅವನ ನಂತರದ ಹೆನ್ರಿ ಅದೇ ಬೋಲೆಸ್ವಾವನ ವಿರುದ್ಧ ಪೇಗನ್ ಸ್ಲಾವರೊಡನೆ ಕೈಜೋಡಿಸಿ 1018ರವರೆಗೆ ಕಾದಿದ. ಇಪ್ಪತ್ತನೆಯ ಶತಮಾನದಲ್ಲಿ ಈ ಇತಿಹಾಸದ ದುರುಪಯೋಗ ಇನ್ನೂ ಘೋರವಾಯಿತು. 1936ರಲ್ಲಿ, ಒಂದನೆಯ ಹೆನ್ರಿ ಸತ್ತು ಸಾವಿರ ವರ್ಷವಾದಾಗ, ಹಿಮ್ಲರ್ ಕ್ವೆಡ್ಲಿನ್‌ಬರ್ಗ್ ಚರ್ಚನ್ನು ನಾಜಿಗಳ ಪುಣ್ಯಕ್ಷೇತ್ರವಾಗಿಸಿದ. ಗೆಳೆತನದ ಒಡಂಬಡಿಕೆಗಳಿಂದ ಆಳಿದವನನ್ನು ಪೂರ್ವದ ದಂಡಯಾತ್ರೆಗಳ ಆದಿಪುರುಷನೆಂದು ಕೊಂಡಾಡಿದ. ಪುರಾತತ್ತ್ವ ಇಂಥ ಕಥೆಗಳಿಗಿಂತ ಹೆಚ್ಚು ವಿನಯದಿಂದ ಮಾತಾಡುತ್ತದೆ. 2008ರಲ್ಲಿ ಮಾಗ್ಡೆಬರ್ಗ್ ಕೆಥೆಡ್ರಲ್ಲಿನಲ್ಲಿ ಸಿಕ್ಕ ಸೀಸದ ಪೆಟ್ಟಿಗೆಯ ಎಲುಬುಗಳು ಒಂದನೆಯ ಒಟ್ಟೊನ ಮೊದಲ ಮಡದಿ, ಇಂಗ್ಲಿಷ್ ರಾಜಕುಮಾರಿ ಈಡಿತಳವೇ ಇರಬೇಕೆಂದು ಹಲ್ಲುಗಳ ಪರೀಕ್ಷೆ ತೋರಿಸಿತು: ಆಕೆಯ ಬಾಲ್ಯದ ನೀರು ದಕ್ಷಿಣ ಇಂಗ್ಲೆಂಡಿನ ಸುಣ್ಣದಕಲ್ಲಿನ ನೆಲದ್ದು.

ಮತ್ತೆ ಈಟಿಯ ವಿಷಯಕ್ಕೆ ಬರೋಣ. 1002ರಲ್ಲಿ ಮೈನ್ಸಿನಲ್ಲಿ ಪಟ್ಟವಾದರೂ ಹೆನ್ರಿ ಪೂರ್ತಿ ಅರಸನಾಗಲಿಲ್ಲ. ಸ್ಯಾಕ್ಸನ್ನರು ಅಲ್ಲಿ ಇರಲಿಲ್ಲ. ಅವನು ಕುದುರೆಯೇರಿ ಸೀಮೆ ಸೀಮೆಗೆ ಹೋಗಬೇಕಾಯಿತು. ಜುಲೈ 25ರಂದು ಮರ್ಸೆಬರ್ಗಿನಲ್ಲಿ, ಸ್ಯಾಕ್ಸನ್ನರ ಕಟ್ಟಳೆಯನ್ನು ಕಾಪಾಡುವೆನೆಂದು ಮಾತು ಕೊಟ್ಟ ಮೇಲೆ, ಡ್ಯೂಕ್ ಬರ್ನ್‌ಹಾರ್ಡ್ ಪವಿತ್ರ ಈಟಿಯನ್ನು ಅವನ ಕೈಗಿತ್ತು ರಾಜ್ಯದ ಹೊಣೆ ಒಪ್ಪಿಸಿದ. ಐದು ವರ್ಷಗಳ ಮೇಲೆ ಬಾಂಬೆರ್ಗಿನಲ್ಲಿ ಹೊಸ ಬಿಷಪ್ ಪೀಠ ಸ್ಥಾಪಿಸಲು ಇದೇ ಹೆನ್ರಿ ಫ್ರಾಂಕ್‌ಫರ್ಟಿನ ಸಭೆಯಲ್ಲಿ, ತೀರ್ಪು ತನಗೆ ವಿರುದ್ಧವಾಗುವಂತೆ ಕಂಡಾಗಲೆಲ್ಲ, ಬಿಷಪ್‌ಗಳ ಮುಂದೆ ನೆಲಕ್ಕೆ ಬಿದ್ದ. ಅಡ್ಡಬೀಳುವುದು ಈಗ ದೊರೆಯ ಆಯುಧ. ಪೀಠ ಸ್ಥಾಪನೆಯಾಯಿತು.

ಅವನಿಗೂ ಮಕ್ಕಳಿರಲಿಲ್ಲ. 1024ರ ಜುಲೈ 13ರಂದು ಗ್ರೋನಾ ನೆಲೆವೀಡಿನಲ್ಲಿ ಅವನು ಸತ್ತಾಗ ರಾಜಚಿಹ್ನೆಗಳು ಮಡದಿ ಕುನಿಗುಂಡಾಳ ಬಳಿ ಉಳಿದವು. ಸೆಪ್ಟೆಂಬರಿನಲ್ಲಿ ರೈನ್ ದಂಡೆಯ ಕಾಂಬಾದಲ್ಲಿ ಸೇಲಿಯನ್ ಮನೆತನದ ಕೊನ್ರಾಡ್ ಆಯ್ಕೆಯಾದಾಗ ಅವಳೇ ಅವನ್ನು ಅವನಿಗೆ ಒಪ್ಪಿಸಿದಳು. ಆ ನಡುವೆ ಇಟಲಿಯ ಪಾವಿಯಾ ನಗರದವರು ಅರಸನ ಅರಮನೆಯನ್ನು ಅಡಿಪಾಯದವರೆಗೆ ಕೆಡವಿಹಾಕಿದ್ದರು. ಮುಂದೆ ಕೊನ್ರಾಡನ ಮುಂದೆ ನಿಂತಾಗ ಅವರ ವಾದ ಸರಳವಾಗಿತ್ತು: ಅರಸ ಬದುಕಿರುವವರೆಗೆ ನಿಷ್ಠರಾಗಿದ್ದೆವು, ಅವನು ಸತ್ತ ಮೇಲೆ ಅರಸನೇ ಇರಲಿಲ್ಲ, ಆದ್ದರಿಂದ ಅರಸನ ಮನೆಯನ್ನು ಕೆಡವಿದೆವೆಂಬ ಆರೋಪ ನಿಲ್ಲದು. ಅರಸ ಸತ್ತರೂ ರಾಜ್ಯ ಇರುತ್ತದೆ, ಚುಕ್ಕಾಣಿಗ ಬಿದ್ದರೂ ಹಡಗು ಇರುವಂತೆ ಎಂಬರ್ಥದಲ್ಲಿ ಕೊನ್ರಾಡ್ ಉತ್ತರಿಸಿದನೆಂದು ಅವನ ಚರಿತ್ರಕಾರ ವೀಪೊ ಬರೆಯುತ್ತಾನೆ. ನೂರೈದು ವರ್ಷಗಳ ಅನುಭವ ಪಾವಿಯಾದವರ ಪಕ್ಷದಲ್ಲಿತ್ತು; ಕೊನ್ರಾಡನ ಮಾತು ಬರಲಿರುವ ಕಾಲದ್ದು.

ಆದರೆ ಅದೇ ಕೊನ್ರಾಡ್ ಆ ಶರತ್ಕಾಲದಲ್ಲಿ, ಹಡಗಿನ ಉಪಮೆಯನ್ನು ನೆಚ್ಚಿ ಕೂರದೆ, ಕುದುರೆಯೇರಿ ಸ್ಯಾಕ್ಸನಿಯ ಕಡೆಗೆ ಹೊರಟ. ದಾರಿಯಲ್ಲಿ ಫ್ರೇಡನ್ ಮಠದಲ್ಲಿ ಅವನನ್ನು ಇಬ್ಬರು ವಯಸ್ಸಾದ ಸೋದರಿಯರು ಬರಮಾಡಿಕೊಂಡರು: ಕ್ವೆಡ್ಲಿನ್‌ಬರ್ಗಿನ ಅಧ್ಯಕ್ಷೆ ಆಡೆಲ್‌ಹೈಡ್, ಗಾಂಡರ್ಸ್‌ಹೈಮಿನ ಅಧ್ಯಕ್ಷೆ ಸೋಫಿಯಾ. ಇಬ್ಬರೂ ಎರಡನೆಯ ಒಟ್ಟೊ ಮತ್ತು ಥಿಯೋಫಾನುವಿನ ಮಕ್ಕಳು. ಅವರು ಅವನನ್ನು ನೆಂಟನೆಂದು ಕರೆದು ಒಳಗೆ ಕರೆದುಕೊಂಡರು. ಕ್ರಿಸ್‌ಮಸ್ ಹೊತ್ತಿಗೆ ಮಿಂಡನ್ ನಗರದಲ್ಲಿ ಸ್ಯಾಕ್ಸನ್ ಮುಖಂಡರು ಹೊಸ ಅರಸನನ್ನು ಒಪ್ಪಿಕೊಂಡರು.